ಹಂಚಿಕೆಗೆ ಒಗ್ಗದ ಮಹಾಸಂಖ್ಯೆ

ಚದುರಂಗದ ಆಟವನ್ನು ರಚಿಸಿದ ಪಂಡಿತನೊಬ್ಬನಿಗೆ 'ಬೇಕಾದುದನ್ನು ಬೇಡು' ಎಂದು ಅರಸನು ಅಪ್ಪಣೆಯಿತ್ತ ಕಥೆಯನ್ನು ಕೇಳದವರು ವಿರಳ. ಹಾಸಿನ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿ ಮಾಡುತ್ತ ಅರವತ್ತನಾಲ್ಕು ಮನೆಗಳನ್ನೂ ತುಂಬಿಸಿಕೊಟ್ಟರೆ ಸಾಕೆಂದು ಪಂಡಿತನು ವಿನಯದಿಂದ ಬಿನ್ನವಿಸಿದನಂತೆ. ಅರಸನು ನಕ್ಕನಂತೆ, ಉಗ್ರಾಣದವರು ಲೆಕ್ಕ ಹಾಕಿ ಮುಗಿಸುವ ಹೊತ್ತಿಗೆ ಆ ನಗೆ ಮಾಯವಾಗಿತ್ತಂತೆ. ಕೊಡಬೇಕಾದ ಕಾಳುಗಳು ಒಟ್ಟು 1,84,46,74,40,73,70,95,51,615. ಯಾವ ರಾಜ್ಯದ ಕಣಜಕ್ಕೂ ನಿಲುಕದ ಸಂಖ್ಯೆ ಇದು.

ಸಾಮಾನ್ಯರಿಗೆ ಕಥೆ ಇಲ್ಲಿಗೆ ಮುಗಿಯಿತು. ಗಣಿತಜ್ಞರಿಗೆ ಇಲ್ಲಿಂದಲೇ ಇನ್ನೊಂದು ಕಥೆ ಮೊದಲಾಗುತ್ತದೆ.

ಒಂದೊಂದು ಮನೆ ತುಂಬಿದಾಗಲೂ ಅಲ್ಲಿಯವರೆಗಿನ ಕಾಳುಗಳನ್ನೆಲ್ಲ ಕೂಡಿಸಿ ನೋಡೋಣ. 1, 3, 7, 15, 31, 63, 127 ಎಂಬ ರಾಶಿಗಳು ಬರುತ್ತವೆ. ಈ ರಾಶಿಗಳನ್ನು ಕೆಲವು ಜನರಿಗೆ ಸಮನಾಗಿ ಹಂಚಬೇಕಾಗಿದೆಯೆಂದು ಭಾವಿಸಿದರೆ, 15 ಕಾಳುಗಳನ್ನು ಮೂವರಿಗಾಗಲಿ ಐವರಿಗಾಗಲಿ ಹಂಚಬಹುದು. 63 ಕಾಳುಗಳನ್ನು ಏಳು ಜನರಿಗೂ ಒಂಬತ್ತು ಜನರಿಗೂ ಹಂಚಬಹುದು. ಆದರೆ 7, 31, 127 ಈ ರಾಶಿಗಳು ಹಂಚಿಕೆಗೆ ಒಗ್ಗುವುದಿಲ್ಲ. ಒಬ್ಬನೇ ಎಲ್ಲವನ್ನೂ ಒಯ್ಯಬೇಕು, ಇಲ್ಲವೆ ಕಾಳಿಗೊಬ್ಬನಂತೆ ಜನ ಬರಬೇಕು. ಇಂತಹ ಹಟಮಾರಿ ಸಂಖ್ಯೆಗಳಿಗೆ ಅವಿಭಾಜ್ಯ ಸಂಖ್ಯೆಗಳೆಂದು ಹೆಸರು.

ಹಟಮಾರಿ ರಾಶಿಗಳು ಎಲ್ಲೆಲ್ಲಿ ಸಿಕ್ಕುತ್ತವೆಂಬುದರಲ್ಲಿ ಒಂದು ನಿಯಮವಿದೆ. ಮನೆಯ ಕ್ರಮಸಂಖ್ಯೆಯೇ ಭಾಗವಾಗುವಂತಿದ್ದರೆ ಅಲ್ಲಿಯ ರಾಶಿಯೂ ಭಾಗವಾಗಲೇಬೇಕು. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಕೇವಲ ಒಂದು ಮತ್ತು ಸೊನ್ನೆಗಳಿಂದ ಎಣಿಸುವ ದ್ವಿಮಾನ ಪದ್ಧತಿಯಲ್ಲಿ ಆರನೆಯ ಮನೆಯ ರಾಶಿಯನ್ನು 111111 ಎಂದು ಬರೆಯುತ್ತಾರೆ. ಆರು ಒಂದುಗಳ ಸಾಲು. ಇದನ್ನು 11, 11, 11 ಎಂದು ಎರಡೆರಡಾಗಿಯೂ, 111, 111 ಎಂದು ಮೂರುಮೂರಾಗಿಯೂ ಮುರಿಯಬಹುದು. ಆದುದರಿಂದ 11 ಎಂದು ಬರೆಯುವ ಮೂರೂ, 111 ಎಂದು ಬರೆಯುವ ಏಳೂ ಅರವತ್ತಮೂರನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಸಾಲಿನ ಉದ್ದವೇ ಅವಿಭಾಜ್ಯವಾದರೆ ಹೀಗೆ ಸಮನಾಗಿ ಮುರಿಯಲು ಬರುವುದಿಲ್ಲ.

ಹಾಗೆಂದು ಅವಿಭಾಜ್ಯ ಮನೆಗಳ ರಾಶಿಗಳೆಲ್ಲ ಅವಿಭಾಜ್ಯವೆಂದು ನಂಬಿದರೆ ಮೋಸಹೋದಂತೆಯೇ. ಹನ್ನೊಂದನೆಯ ಮನೆಯ ರಾಶಿ 2047. ಇದು 23 ಮತ್ತು 89ರ ಗುಣಲಬ್ಧ. ಯಾವ ಮನೆ ನಿಜ, ಯಾವ ಮನೆ ಹುಸಿ? ಈ ಒಂದು ಪ್ರಶ್ನೆ ಶತಮಾನಗಳಿಂದ ಮೇಧಾವಿಗಳ ನಿದ್ದೆಗೆಡಿಸಿದೆ.

ಸಂನ್ಯಾಸಿಯ ಪಟ್ಟಿ

ಪ್ಯಾರಿಸ್ ನಗರದ ಮಠವೊಂದರಲ್ಲಿ ಮರೀನ್ ಮೆರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯಿದ್ದನು. ಫರ್ಮಾ, ಡೆಕಾರ್ಟ್ ಮೊದಲಾದ ಅಂದಿನ ಪ್ರಚಂಡ ವಿದ್ವಾಂಸರೊಡನೆ ಆತನಿಗೆ ಪತ್ರವ್ಯವಹಾರವಿತ್ತು. ವಿಜ್ಞಾನ ಪತ್ರಿಕೆಗಳು ಇನ್ನೂ ಹುಟ್ಟದ ಆ ಕಾಲದಲ್ಲಿ ಒಬ್ಬರ ಶೋಧ ಇನ್ನೊಬ್ಬರಿಗೆ ತಿಳಿಯುತ್ತಿದ್ದುದು ಬಹುಪಾಲು ಆತನ ಪತ್ರಗಳಿಂದಲೇ. 1644ರಲ್ಲಿ ಮೆರ್ಸೆನ್ ತನ್ನ ಗ್ರಂಥವೊಂದರ ಮುನ್ನುಡಿಯಲ್ಲಿ ಧೈರ್ಯದ ಮಾತೊಂದನ್ನು ಬರೆದನು. 257ನೆಯ ಮನೆಯವರೆಗೆ ಅವಿಭಾಜ್ಯ ರಾಶಿಗಳು ದೊರೆಯುವುದು 2, 3, 5, 7, 13, 17, 19, 31, 67, 127 ಮತ್ತು 257ನೆಯ ಮನೆಗಳಲ್ಲಿ ಮಾತ್ರ ಎಂಬುದೇ ಆ ಮಾತು.

ಇದಕ್ಕೆ ಆತನು ಆಧಾರವನ್ನು ಕೊಡಲಿಲ್ಲ. ಕೊಡುವುದು ಸಾಧ್ಯವೂ ಇರಲಿಲ್ಲ. ಪಟ್ಟಿಯ ಕೊನೆಯ ಸಂಖ್ಯೆಗಳು ಯಾವ ಮನುಷ್ಯನೂ ಭಾಗಿಸಿ ನೋಡಲಾರದಷ್ಟು ದೊಡ್ಡವು. ಆದರೂ ಪಟ್ಟಿ ಉಳಿಯಿತು. ಈ ವರ್ಗದ ಸಂಖ್ಯೆಗಳಿಗೆ ಇಂದಿಗೂ ಮೆರ್ಸೆನ್ ಸಂಖ್ಯೆಗಳೆಂದೇ ಹೆಸರು. ಸಂನ್ಯಾಸಿ ಹೇಳಿದ್ದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಭಾರ ಮುಂದಿನ ತಲೆಮಾರುಗಳ ಹೆಗಲಿಗೆ ಬಿತ್ತು.

ಮೊದಲ ಮುಖ್ಯ ವಿಜಯ ಲೆಯೊನಾರ್ಡ್ ಆಯ್ಲರನದು. 31ನೆಯ ಮನೆಯ ರಾಶಿಯಾದ 2,14,74,83,647 ಅವಿಭಾಜ್ಯವೆಂದು ಆತನು 1772ರಲ್ಲಿ ಸಾರಿದನು. ಆ ವೇಳೆಗೆ ಆತನ ದೃಷ್ಟಿ ಬಹುಮಟ್ಟಿಗೆ ನಷ್ಟವಾಗಿತ್ತು. ಅಂತರಂಗದ ಕಣ್ಣು ಮಾತ್ರ ಮಂಕಾಗಿರಲಿಲ್ಲ. ಈ ರಾಶಿಯನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಮಾತ್ರ ಶೇಷ ಉಳಿಯಬೇಕೆಂದು ಆಯ್ಲರನು ತರ್ಕದಿಂದ ಕಂಡುಕೊಂಡನು. ಸಾವಿರಾರು ಸಂಖ್ಯೆಗಳಿಂದ ಭಾಗಿಸುವ ಬದಲು ಸುಮಾರು 370 ಸಂಖ್ಯೆಗಳನ್ನು ಗಮನಿಸಿ, ಅವುಗಳಲ್ಲಿಯೂ ಅವಿಭಾಜ್ಯವಾದವುಗಳಿಂದ ಮಾತ್ರ ಭಾಗಿಸಿದರೆ ಸಾಕಾಯಿತು.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಈ ಸಂಖ್ಯೆಯನ್ನು ಪ್ರಸ್ತಾಪಿಸಿ, ಇಂತಹ ಸಂಖ್ಯೆಗಳು ಬರಿಯ ಕುತೂಹಲದ ವಸ್ತುಗಳೇ ಹೊರತು ಉಪಯೋಗದವಲ್ಲವಾದ್ದರಿಂದ ಇದನ್ನು ಮೀರಿ ಹುಡುಕುವ ಸಾಹಸಕ್ಕೆ ಯಾರೂ ಕೈಹಾಕಲಾರರೆಂದು ಭವಿಷ್ಯ ನುಡಿದನು. ಮನುಷ್ಯ ಸ್ವಭಾವವನ್ನು ಆತನು ಸರಿಯಾಗಿ ಅರಿತಿರಲಿಲ್ಲವೆಂದು ಹೇಳಬೇಕು.

ಲ್ಯೂಕಾನ ಜರಡಿ

ಪಟ್ಟಿಯಲ್ಲಿದ್ದ 127ನೆಯ ಮನೆಯ ರಾಶಿ ಹೀಗಿದೆ:

170141183460469231731687303715884105727

ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಮಾಮೂಲು ಕ್ರಮದಲ್ಲಿ ಪರೀಕ್ಷಿಸುವುದೆಂದರೆ, ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕು. ಆ ವರ್ಗಮೂಲಕ್ಕೇ ಇಪ್ಪತ್ತು ಅಂಕಿಗಳಿವೆ. ಸೆಕೆಂಡಿಗೊಂದು ಭಾಗಾಕಾರದಂತೆ ಹಗಲಿರುಳೂ ದುಡಿದರೆ ಹಿಡಿಯುವ ಕಾಲ ಸುಮಾರು 41,000 ಕೋಟಿ ವರ್ಷ. ಈ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷವೆಂದು ಖಗೋಳ ವಿಜ್ಞಾನಿಗಳು ಹೇಳುತ್ತಾರೆ. ಆಯ್ಲರನ ಯುಕ್ತಿಯನ್ನು ಬಳಸಿ ಕೆಲಸವನ್ನು ನೂರಾರು ಪಾಲು ತಗ್ಗಿಸಿದರೂ ಮನುಷ್ಯನ ಆಯುಸ್ಸಿಗೆ ಅದು ನಿಲುಕುವ ಮಾತಲ್ಲ.

ಈ ಬೆಟ್ಟವನ್ನು ಹತ್ತದೆಯೇ ದಾಟಿದವನು ಫ್ರಾನ್ಸಿನ ಎದುವಾರ್ ಲ್ಯೂಕಾ. 1842ರಲ್ಲಿ ಆಮಿಯಾ ನಗರದಲ್ಲಿ ಹುಟ್ಟಿ, ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದು, ಬಳಿಕ ಪ್ರೌಢಶಾಲೆಗಳಲ್ಲಿ ಗಣಿತದ ಪಾಠ ಹೇಳಿದವನು ಆತ. ಮೂರು ಗೂಟಗಳ ನಡುವೆ ಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುವ 'ಹನೋಯ್ ಗೋಪುರ' ಎಂಬ ಆಟ ಆತನದೇ ಸೃಷ್ಟಿ.

ಭಾಗಿಸುವ ಸಂಖ್ಯೆಗಳನ್ನು ಹುಡುಕುವ ಗೋಜಿಗೇ ಹೋಗದೆ, ರಾಶಿಯ ಅವಿಭಾಜ್ಯತೆಯನ್ನು ನೇರವಾಗಿ ಪರೀಕ್ಷಿಸುವ ಜರಡಿಯೊಂದನ್ನು ಲ್ಯೂಕಾ ಸಿದ್ಧಪಡಿಸಿದನು. ಮೂರರಿಂದ ಹೊರಡಬೇಕು. ಅದರ ವರ್ಗದಿಂದ ಎರಡು ಕಳೆಯಬೇಕು. ಬಂದುದರ ವರ್ಗದಿಂದ ಮತ್ತೆ ಎರಡು ಕಳೆಯಬೇಕು. ಮೊತ್ತ ಬೆಳೆದು ಪರೀಕ್ಷಿಸುತ್ತಿರುವ ರಾಶಿಯನ್ನು ಮೀರಿದಾಗಲೆಲ್ಲ ರಾಶಿಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಮನೆಯ ಕ್ರಮಸಂಖ್ಯೆಗಿಂತ ಎರಡು ಕಡಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ರಾಶಿ ಅವಿಭಾಜ್ಯ, ಬಾರದಿದ್ದರೆ ಅಲ್ಲ.

ಮನೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಏಳನೆಯ ಮನೆಯ ರಾಶಿ 127ನ್ನೇ ತೆಗೆದುಕೊಳ್ಳೋಣ. ಐದು ಸಲ ಮಾಡಬೇಕು. 3ರ ವರ್ಗ 9. ಎರಡು ಕಳೆದರೆ 7. 7ರ ವರ್ಗ 49. ಎರಡು ಕಳೆದರೆ 47. 47ರ ವರ್ಗ 2209. ಎರಡು ಕಳೆದರೆ 2207. ಅದನ್ನು 127ರಿಂದ ಭಾಗಿಸಿದರೆ ಶೇಷ 48. ಇನ್ನೊಂದು ಸುತ್ತಿನಲ್ಲಿ 2302, ಶೇಷ 16. ಐದನೆಯ ಸುತ್ತಿನಲ್ಲಿ 16ರ ವರ್ಗ 256; ಎರಡು ಕಳೆದರೆ 254. ಇದು 127ರ ಎರಡರಷ್ಟು, ಶೇಷ ಸೊನ್ನೆ. 127 ಅವಿಭಾಜ್ಯ. ಯಾವ ಸಂಖ್ಯೆ ಅದನ್ನು ಭಾಗಿಸೀತೆಂದು ಒಮ್ಮೆಯೂ ಕೇಳದೆ ಉತ್ತರ ಸಿಕ್ಕಿತು.

ಮೂರರಿಂದ ಹೊರಡುವ ಈ ಕ್ರಮ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಕ್ರಮಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದಾಗ ಮೂರು ಶೇಷ ಉಳಿಯುವ 7, 19, 31, 127 ಮೊದಲಾದ ಅವಿಭಾಜ್ಯ ಮನೆಗಳಿಗೆ ಮಾತ್ರ ಇದು ಸಲ್ಲುತ್ತದೆ. ಮೂರರ ಬದಲು ನಾಲ್ಕರಿಂದ ಹೊರಟರೆ ಎರಡನ್ನುಳಿದು ಎಲ್ಲ ಅವಿಭಾಜ್ಯ ಮನೆಗಳಿಗೂ ಪರೀಕ್ಷೆ ಸಲ್ಲುತ್ತದೆ. ಅಮೆರಿಕದ ಡಿ. ಎಚ್. ಲೆಹ್ಮರ್ ಈ ಪರೀಕ್ಷೆಗೆ ಪೂರ್ಣರೂಪ ಕೊಟ್ಟರು. ಹುಸಿಮನೆಯಾದ ಹನ್ನೊಂದನೆಯದನ್ನು ಹೀಗೆ ಪರೀಕ್ಷಿಸಿದರೆ ಕೊನೆಯ ಸುತ್ತಿನಲ್ಲಿ ಸೊನ್ನೆಯ ಬದಲು 1736 ಉಳಿದು ಗುಟ್ಟು ಬಯಲಾಗುತ್ತದೆ.

ಇಷ್ಟು ದೊಡ್ಡ ರಾಶಿಯಿಂದ ಮೇಲಿಂದ ಮೇಲೆ ಭಾಗಿಸುವುದು ಕಷ್ಟವಲ್ಲವೆ ಎಂದು ಕೇಳಬಹುದು. ಮೆರ್ಸೆನ್ ಸಂಖ್ಯೆಗಳ ಇನ್ನೊಂದು ಸೊಗಸು ಇರುವುದು ಇಲ್ಲಿಯೇ. 128ನ್ನು 127ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆದ್ದರಿಂದ 2207ರಲ್ಲಿ 128 ಎಷ್ಟು ಸಲ ಇದೆಯೆಂದು ನೋಡಿ (17 ಸಲ), ಮಿಕ್ಕ 31ಕ್ಕೆ ಆ 17ನ್ನು ಕೂಡಿಸಿದರೆ 48 ಬಂತು, ಭಾಗಾಕಾರವೇ ಬೇಡ. ದ್ವಿಮಾನ ಪದ್ಧತಿಯಲ್ಲಂತೂ, ಕೊನೆಯ ಮನೆಯನ್ನು ದಾಟಿ ಹೋದ ಕಾಯಿಗಳನ್ನು ಮತ್ತೆ ಮೊದಲ ಮನೆಯಿಂದ ಜೋಡಿಸಿದಷ್ಟೇ ಸುಲಭ. ಲ್ಯೂಕಾ ಈ ಲೆಕ್ಕವನ್ನು ಸಾಲಿಗೆ 127 ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿ ನಡೆಸುವ ಆಟವಾಗಿ ವಿವರಿಸಿದ್ದಾನೆ.

ಆಟವೆಂದರೂ ಅದು ಮಕ್ಕಳಾಟವಲ್ಲ. 127ನೆಯ ಮನೆಗೆ 125 ಸುತ್ತುಗಳು ಬೇಕು. ಮೊದಲ ಕೆಲವನ್ನು ಬಿಟ್ಟರೆ ಪ್ರತಿಯೊಂದು ಸುತ್ತಿನಲ್ಲಿಯೂ ಮೂವತ್ತೊಂಬತ್ತು ಅಂಕಿಗಳವರೆಗಿನ ಸಂಖ್ಯೆಯ ವರ್ಗವನ್ನು ತೆಗೆಯಬೇಕು. ನಡುವೆ ಎಲ್ಲಿಯಾದರೂ ಒಂದು ಕಾಯಿ ತಪ್ಪಿದರೆ ಕೊನೆಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ. 1876ರಲ್ಲಿ ಲ್ಯೂಕಾ ತನ್ನ ತೀರ್ಮಾನವನ್ನು ಪ್ರಕಟಿಸಿದನು: 127ನೆಯ ಮನೆಯ ರಾಶಿ ಅವಿಭಾಜ್ಯ. ಮೆರ್ಸೆನ್ನನ ಮಾತು 232 ವರ್ಷಗಳ ಬಳಿಕ ನಿಜವಾಯಿತು. ಮುಂದೆ ಇತರರೂ, ಕೊನೆಗೆ ಯಂತ್ರಗಳೂ ಪರಿಶೀಲಿಸಿ ಅದನ್ನು ಸ್ಥಿರಪಡಿಸಿದರು.

ಕೇವಲ ಕೈಲೆಕ್ಕದಿಂದ ಮನುಷ್ಯನು ಸಾಧಿಸಿದ ಅತ್ಯಂತ ದೊಡ್ಡ ಅವಿಭಾಜ್ಯ ಸಂಖ್ಯೆ ಇಂದಿಗೂ ಇದೇ. ಸಾಧಕನ ಅಂತ್ಯ ಮಾತ್ರ ವಿಚಿತ್ರವಾಗಿತ್ತು. 1891ರಲ್ಲಿ ಔತಣವೊಂದರಲ್ಲಿ ಕೈಜಾರಿ ಬಿದ್ದ ತಟ್ಟೆಯ ಚೂರು ಸಿಡಿದು ಲ್ಯೂಕಾನ ಕೆನ್ನೆಗೆ ತಗುಲಿತು. ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ಆತನು ತೀರಿಕೊಂಡನು. ಆಗ ಆತನಿಗೆ ನಾಲ್ವತ್ತೊಂಬತ್ತು ವರ್ಷ.

ಮಾತಿಲ್ಲದ ಉಪನ್ಯಾಸ

ಅದೇ 1876ರಲ್ಲಿ ಲ್ಯೂಕಾನ ಜರಡಿ ಇನ್ನೊಂದು ಸುದ್ದಿಯನ್ನೂ ಕೊಟ್ಟಿತ್ತು. ಪಟ್ಟಿಯಲ್ಲಿದ್ದ 67ನೆಯ ಮನೆಯ ರಾಶಿ ಅವಿಭಾಜ್ಯವಲ್ಲ. ಆದರೆ ಅದು ಯಾವ ಯಾವ ಸಂಖ್ಯೆಗಳ ಗುಣಲಬ್ಧವೆಂದು ಜರಡಿ ಹೇಳುವುದಿಲ್ಲ. ಕಳವಾಗಿದೆಯೆಂದು ತಿಳಿಯಿತು, ಕಳ್ಳನ ಗುರುತು ಮಾತ್ರ ಸಿಕ್ಕಲಿಲ್ಲ.

1903ರ ಅಕ್ಟೋಬರ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರ್ಯಾಂಕ್ ನೆಲ್ಸನ್ ಕೋಲ್ ಅಂದು ಮಾತನಾಡಬೇಕಾಗಿತ್ತು. ಅಂದಿನ ಪ್ರಸಂಗವನ್ನು ಗಣಿತದ ಇತಿಹಾಸಕಾರ ಇ. ಟಿ. ಬೆಲ್ ವರ್ಣಿಸಿದ್ದಾರೆ. ಕೋಲ್ ಎದ್ದು ಕಪ್ಪುಹಲಗೆಯ ಬಳಿಗೆ ಹೋದನು. ತುಟಿಪಿಟಕ್ಕೆನ್ನದೆ ಎರಡನ್ನು ಅರವತ್ತೇಳು ಸಲ ಗುಣಿಸಿ ಒಂದನ್ನು ಕಳೆದನು:

147573952589676412927

ಬಳಿಕ ಹಲಗೆಯ ಖಾಲಿ ಭಾಗಕ್ಕೆ ಸರಿದು 193707721 ಎಂಬ ಸಂಖ್ಯೆಯನ್ನೂ 761838257287 ಎಂಬ ಸಂಖ್ಯೆಯನ್ನೂ ಬರೆದು, ಶಾಲೆಯ ಹುಡುಗರಂತೆ ಸಾಲುಸಾಲಾಗಿ ಗುಣಿಸಿದನು. ಎರಡು ಉತ್ತರಗಳೂ ಒಂದೇ ಆಗಿದ್ದುವು. ಸೀಮೆಸುಣ್ಣವನ್ನು ಕೆಳಗಿಟ್ಟು ಮಾತಿಲ್ಲದೆ ಹೋಗಿ ಕುಳಿತನು. ಸಭೆಯೆಲ್ಲ ಕರತಾಡನ ಮಾಡಿತು. ಪ್ರಶ್ನೆ ಕೇಳುವವರು ಒಬ್ಬರೂ ಇರಲಿಲ್ಲ. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೆ ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳು ಎಂಬ ಉತ್ತರ ಬಂದಿತಂತೆ.

ಹುಡುಕುವುದು ಮೂರು ವರ್ಷದ ತಪಸ್ಸು, ಸರಿನೋಡುವುದು ಕೆಲವು ನಿಮಿಷದ ಕೆಲಸ. ಸಂಖ್ಯೆಗಳ ಲೋಕದ ಈ ವೈಚಿತ್ರ್ಯವೇ ಮುಂದೆ ಜಗತ್ತಿನ ವ್ಯವಹಾರಕ್ಕೆ ಒದಗಿತು.

ಸಂನ್ಯಾಸಿಯ ಪಟ್ಟಿಯ ಪರಿಶೋಧನೆ ಪೂರ್ಣವಾದುದು 1947ರ ಹೊತ್ತಿಗೆ. 67 ಮತ್ತು 257 ತಪ್ಪಾಗಿ ಸೇರಿದ್ದುವು. 61, 89 ಮತ್ತು 107 ಬಿಟ್ಟುಹೋಗಿದ್ದುವು. ಇವುಗಳಲ್ಲಿ 61ನೆಯದನ್ನು 1883ರಲ್ಲಿ ಬಯಲಿಗೆ ತಂದವನು ರಷ್ಯದ ಉರಲ್ ಸೀಮೆಯ ಹಳ್ಳಿಯ ಪಾದ್ರಿ ಇವಾನ್ ಪೆರ್ವೂಶಿನ್. ನಮ್ಮ ಕಥೆಯ ಚದುರಂಗದ ಹಾಸಿನೊಳಗೆ ಸಿಕ್ಕುವ ಅತಿ ದೊಡ್ಡ ಅವಿಭಾಜ್ಯ ರಾಶಿ ಅದೇ.

ಯಂತ್ರಗಳ ಕಾಲ

ಲ್ಯೂಕಾನ ಸಂಖ್ಯೆ ಎಪ್ಪತ್ತೈದು ವರ್ಷ ಸಿಂಹಾಸನದ ಮೇಲಿತ್ತು. 1951ರಲ್ಲಿ ಫೆರಿಯೆ ಎಂಬವನು ಮೇಜಿನ ಮೇಲಿನ ಲೆಕ್ಕದ ಯಂತ್ರದ ನೆರವಿನಿಂದ 44 ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ಹಿಡಿದನು. ಅದೇ ವರ್ಷ ಕೇಂಬ್ರಿಜ್ಜಿನ ಗಣಕಯಂತ್ರ 79 ಅಂಕಿಗಳಿಗೆ ಏರಿತು. ಅದು ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿ ಪಡೆದ ಸಂಖ್ಯೆ. ಹಳೆಯ ದೊರೆಯ ಸಂತಾನವೇ ಪಟ್ಟಕ್ಕೆ ಬಂದಂತಾಯಿತು. 1952ರ ಜನವರಿ 30ರಂದು ರಫಾಯೆಲ್ ರಾಬಿನ್ಸನ್ ಬರೆದುಕೊಟ್ಟ ಆದೇಶಗಳಂತೆ ಲಾಸ್ ಏಂಜಲಿಸಿನ 'ಸ್ವ್ಯಾಕ್' ಗಣಕ 521 ಮತ್ತು 607ನೆಯ ಮನೆಗಳನ್ನು ಒಂದೇ ದಿನ ಗೆದ್ದಿತು.

1978ರಲ್ಲಿ ಕ್ಯಾಲಿಫೋರ್ನಿಯದ ಹದಿನೆಂಟರ ಹರೆಯದ ಇಬ್ಬರು ವಿದ್ಯಾರ್ಥಿಗಳಾದ ಲಾಂಡನ್ ನೋಲ್ ಮತ್ತು ಲಾರಾ ನಿಕಲ್ 21701ನೆಯ ಮನೆಯನ್ನು ಗೆದ್ದು ಹಿರಿಯರನ್ನು ಬೆರಗುಗೊಳಿಸಿದರು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಅವರು ಜಗತ್ತಿನ ಮನೆಮನೆಗಳ ಗಣಕಗಳನ್ನು ಈ ಹುಡುಕಾಟಕ್ಕೆ ಜೋಡಿಸುವ ಏರ್ಪಾಡನ್ನು ಮಾಡಿದ ಮೇಲೆ, ಬಿಡುವಿನಲ್ಲಿರುವ ಯಂತ್ರವನ್ನು ಒದಗಿಸಿ ಯಾರು ಬೇಕಾದರೂ ಪಾಲ್ಗೊಳ್ಳುವಂತಾಯಿತು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಂಟ್ ಎಂಬವರು ಹದಿನೇಳು ದೇಶಗಳಲ್ಲಿ ಹರಡಿದ್ದ ಗಣಕಗಳನ್ನು ಬಳಸಿ 13,62,79,841ನೆಯ ಮನೆಯ ರಾಶಿ ಅವಿಭಾಜ್ಯವೆಂದು ಕಂಡುಹಿಡಿದರು. ಅದು 52ನೆಯ ಮೆರ್ಸೆನ್ ಅವಿಭಾಜ್ಯ. ಅದರ ಅಂಕಿಗಳು 4,10,24,320. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಅಚ್ಚು ಹಾಕಿದರೂ ಇಪ್ಪತ್ತು ಸಾವಿರ ಪುಟಗಳನ್ನು ಮೀರುತ್ತದೆ. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆಗಳಿಲ್ಲದೆ ಓದಿದರೆ 475 ದಿನ ಬೇಕು. ಯಂತ್ರಗಳು ಅದನ್ನು ಸ್ಥಿರಪಡಿಸಿದ್ದು ಮಾತ್ರ ಲ್ಯೂಕಾನ ಅದೇ ಹಳೆಯ ಜರಡಿಯಿಂದ.

ಭಾರತೀಯರ ಪಾಲೂ ಈ ಶಾಸ್ತ್ರದಲ್ಲಿ ಉಜ್ವಲವಾಗಿದೆ. ಲ್ಯೂಕಾನ ಜರಡಿ ಮೆರ್ಸೆನ್ ಸಂಖ್ಯೆಗಳಿಗೆ ಮಾತ್ರ ಸಲ್ಲುತ್ತದೆ. ಯಾವುದೇ ಸಂಖ್ಯೆಯನ್ನಾದರೂ ಊಹೆಯ ಆಸರೆಯಿಲ್ಲದೆ, ಅಂಕಿಗಳ ಮೊತ್ತಕ್ಕೆ ತಕ್ಕ ಮಿತವಾದ ಕಾಲದಲ್ಲಿ ಪರೀಕ್ಷಿಸುವ ದಾರಿಯನ್ನು 2002ರಲ್ಲಿ ತೋರಿಸಿಕೊಟ್ಟವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನ.

ಇದರಿಂದ ಪ್ರಯೋಜನವೇನು?

ಬಾರ್ಲೋವಿನ ಪ್ರಶ್ನೆಗೆ ಕಾಲವೇ ಉತ್ತರ ಹೇಳಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆಯುವುದು ದುಸ್ಸಾಧ್ಯ. ಕೋಲ್‌ನ ಭಾನುವಾರಗಳು ಕಲಿಸಿದ ಈ ಪಾಠವನ್ನೇ ಅಡಿಪಾಯ ಮಾಡಿಕೊಂಡು 1977ರಲ್ಲಿ ಗುಪ್ತಲಿಪಿಯೊಂದು ರೂಪುಗೊಂಡಿತು. ಬ್ಯಾಂಕಿನ ವ್ಯವಹಾರ, ಗುಟ್ಟಿನ ಸಂದೇಶ ಇವೆಲ್ಲಕ್ಕೂ ಇಂತಹ ಬೀಗಗಳು ಕಾವಲು ನಿಂತಿವೆ. ರಾಬಿನ್ಸನ್ ಗೆದ್ದ 521ನೆಯ ಮನೆಯ ರಾಶಿಯೇ ಇನ್ನೊಂದು ಬಗೆಯ ಗುಪ್ತಲಿಪಿಯಲ್ಲಿ ದುಡಿಯುತ್ತಿದೆ.

ಪ್ರಾಚೀನರಿಗೆ ಬೇರೊಂದು ಪ್ರಯೋಜನ ಕಂಡಿತ್ತು. ಆರನ್ನು ಭಾಗಿಸುವ 1, 2, 3ನ್ನು ಕೂಡಿಸಿದರೆ ಆರೇ ಬರುತ್ತದೆ. ಇಪ್ಪತ್ತೆಂಟನ್ನು ಭಾಗಿಸುವ 1, 2, 4, 7, 14ನ್ನು ಕೂಡಿಸಿದರೆ ಇಪ್ಪತ್ತೆಂಟೇ. ಇವನ್ನು ಪರಿಪೂರ್ಣ ಸಂಖ್ಯೆಗಳೆಂದರು. ಯಾವುದೇ ಮನೆಯ ರಾಶಿ ಅವಿಭಾಜ್ಯವಾಗಿದ್ದರೆ, ಅದನ್ನು ಆ ಮನೆಯಲ್ಲಿಟ್ಟ ಕಾಳುಗಳ ಸಂಖ್ಯೆಯಿಂದ ಗುಣಿಸಿದಾಗ ಪರಿಪೂರ್ಣ ಸಂಖ್ಯೆ ದೊರೆಯುತ್ತದೆಂದು ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಧಿಸಿದನು. ಸಮಸಂಖ್ಯೆಗಳಲ್ಲಿ ಬೇರೆ ಪರಿಪೂರ್ಣಗಳಿಲ್ಲವೆಂದು ಆಯ್ಲರನು ಸಾಧಿಸಿದನು. ಲ್ಯೂಕಾನ ರಾಶಿಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ 77 ಅಂಕಿಗಳು. ಬೆಸಸಂಖ್ಯೆಗಳಲ್ಲಿ ಒಂದಾದರೂ ಪರಿಪೂರ್ಣವಿದೆಯೆ? ಮೆರ್ಸೆನ್ ಅವಿಭಾಜ್ಯಗಳಿಗೆ ಕೊನೆಯುಂಟೆ? ಈ ಎರಡಕ್ಕೂ ಉತ್ತರ ಹೇಳಬಲ್ಲವರು ಇನ್ನೂ ಹುಟ್ಟಿಲ್ಲ.

ಲ್ಯೂಕಾನ ಸಂಖ್ಯೆಗೆ ಇನ್ನೂ ಒಂದು ವೈಶಿಷ್ಟ್ಯವುಂಟು. ಎರಡನೆಯ ಮನೆಯ ರಾಶಿ 3. ಮೂರನೆಯ ಮನೆಯ ರಾಶಿ 7. ಏಳನೆಯ ಮನೆಯ ರಾಶಿ 127. 127ನೆಯ ಮನೆಯ ರಾಶಿ ಲ್ಯೂಕಾನ ಮಹಾಸಂಖ್ಯೆ. ಒಂದರ ಹೆಗಲ ಮೇಲೊಂದು ನಿಂತ ಈ ನಾಲ್ಕೂ ಅವಿಭಾಜ್ಯ. ಹಾಗಾದರೆ ಆ ಮಹಾಸಂಖ್ಯೆಯನ್ನೇ ಕ್ರಮಸಂಖ್ಯೆಯಾಗಿ ಮಾಡಿಕೊಂಡ ಮನೆಯ ರಾಶಿಯೂ ಅವಿಭಾಜ್ಯವೆ? ಲ್ಯೂಕಾ ತನ್ನ ಶೋಧವನ್ನು ಪ್ರಕಟಿಸಿದ ವರ್ಷವೇ ಗಣಿತಜ್ಞ ಕತಲಾನ್ ಈ ಏಣಿಯ ಕಡೆಗೆ ಬೆರಳು ತೋರಿಸಿದನು. ಆ ಐದನೆಯ ಮೆಟ್ಟಿಲಿನ ಅಂಕಿಗಳೆಷ್ಟೆಂದು ಹೇಳುವುದಕ್ಕೇ ಮೂವತ್ತೆಂಟು ಅಂಕಿಗಳ ಸಂಖ್ಯೆ ಬೇಕು. ಜರಡಿ ಹಿಡಿಯೋಣವೆಂದರೆ, ಸುತ್ತುಗಳ ಸಂಖ್ಯೆಯೇ ಲ್ಯೂಕಾನ ಮಹಾಸಂಖ್ಯೆಯಷ್ಟು. ಇಂದಿನ ಯಂತ್ರಗಳೆಲ್ಲ ಒಂದಾದರೂ ಅದರ ಅಂಚನ್ನು ಮುಟ್ಟಲಾರವು. ಹುಟ್ಟುವ ಹೊಸ ಗಣಿತಕ್ಕಾಗಿ ಆ ಮೆಟ್ಟಿಲು ಕಾದು ನಿಂತಿದೆ.